ಕೋವಿಯೂ ರಹದಾರಿಯೂ

ಕೈಯಲ್ಲಿ ಹಿಡಿಯುವ ಒಂದು ಸಣ್ಣ ಪಿಸ್ತೂಲನ್ನು ತನ್ನ ಬಳಿ ಇಟ್ಟುಕೊಳ್ಳಬೇಕೆಂದು ಸರ್ಕಾರಕ್ಕೆ ಅರ್ಜಿ ಬರೆದುಕೊಂಡವನನ್ನು ಅಧಿಕಾರಿಗಳು ಮೂರು ಮಾತುಗಳನ್ನು ಕೇಳಬಹುದು. ನೀನು ಯಾರು ಎಂಬುದು ಒಂದು. ನಿನಗೆ ಇದೇಕೆ ಬೇಕು ಎಂಬುದು ಎರಡನೆಯದು. ಇದನ್ನು ಹಿಡಿಯಲು ನಿನಗೆ ಬರುತ್ತದೆಯೆ ಎಂಬುದು ಮೂರನೆಯದು. ಯೋಚಿಸಿ ನೋಡಿದರೆ ಈ ಮೂರನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕೆಂದು ಯಾರಿಗಾದರೂ ತೋರುವುದು. ಎತ್ತು ಹೂಡಲು ಬಾರದವನ ಕೈಗೆ ಬಾರುಕೋಲು ಕೊಟ್ಟು, ಸಂತೆಬೀದಿಯಲ್ಲಿ ಬಂಡಿ ಹೊಡೆಯೆಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ದೇಶದ ಶಸ್ತ್ರಶಾಸನದ ಚರಿತ್ರೆಯಲ್ಲಿ ಈ ಮೂರನೆಯ ಪ್ರಶ್ನೆಯು ಸಾಮಾನ್ಯ ಅರ್ಜಿದಾರರಿಗೆಲ್ಲ ಅನ್ವಯಿಸುವ ಒಂದು ಕಟ್ಟಳೆಯಾಗಿ ಬಂದುದು 2016ನೆಯ ಇಸವಿಯಲ್ಲಿ. ಮೊದಲ ನಿಶ್ಶಸ್ತ್ರೀಕರಣದ ಶಾಸನ ಹುಟ್ಟಿದ್ದು 1857ರಲ್ಲಿ. ನಡುವಣ ಸುಮಾರು ನೂರ ಅರುವತ್ತು ವರ್ಷಗಳ ಕಾಲ ಸರ್ಕಾರವು ಕೇಳುತ್ತಿದ್ದುದು ಮುಖ್ಯವಾಗಿ ಮೊದಲನೆಯ ಪ್ರಶ್ನೆಯನ್ನು. ಹಾಗೇಕಾಯಿತು, ಅದರಿಂದ ಕನ್ನಡನಾಡಿನ ಎರಡು ಮೂಲೆಗಳಲ್ಲಿ ಏನೇನು ನಡೆಯಿತು ಎಂಬುದನ್ನು ಈ ಭಾಷಣದಲ್ಲಿ ಸ್ವಲ್ಪಮಟ್ಟಿಗೆ ವಿವರಿಸುತ್ತೇನೆ.

ಪಿಸ್ತೂಲೆಂಬ ಮಾತು ಪೋರ್ಚುಗೀಸರಿಂದ ನಮಗೆ ಬಂದುದು. ತುಪಾಕಿಯು ತುರ್ಕಿಯ ಕಡೆಯಿಂದ ಬಂದಿತು. ಕೋವಿಯೊಂದೇ ನಮ್ಮದು, ಅದಕ್ಕೆ ಕೊಳವೆಯೆಂದು ಅರ್ಥ. ಹೆಸರು ಹೊರಗಿನಿಂದ ಬಂದರೂ ಪದಾರ್ಥವನ್ನು ಮಾಡುವ ಕೌಶಲವನ್ನು ನಮ್ಮ ಕುಶಲಿಗಳು ಬೇಗನೆ ಕೈವಶ ಮಾಡಿಕೊಂಡರು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಜೋಡಿ ಪಿಸ್ತೂಲುಗಳು ಇಂದಿಗೂ ವಿಲಾಯಿತಿಯ ಸಂಗ್ರಹಗಳಲ್ಲಿವೆ. ಅವುಗಳಲ್ಲಿ ಕೆಲವು ಜೋಡಿಗಳ ವಿಶೇಷವೇನೆಂದರೆ, ಒಂದರ ಕುದುರೆ ಬಲಪಾರ್ಶ್ವದಲ್ಲಿಯೂ ಇನ್ನೊಂದರದು ಎಡಪಾರ್ಶ್ವದಲ್ಲಿಯೂ ಇರುವುದು. ಎರಡು ಕೈಗಳಿಂದಲೂ ಗುಂಡು ಹಾರಿಸುವ ಅಭ್ಯಾಸವಿದ್ದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಸ್ತುವೆಂದು ನೋಡಿದವರಿಗೆ ತೋರುತ್ತದೆ. ಆ ಕಾಲದ ದೊರೆಗಳೂ ಪಾಳೆಯಗಾರರೂ ಆಯುಧಪಾಣಿಯಾದವನನ್ನು ಕೇಳುತ್ತಿದ್ದುದು ಯುದ್ಧ ಬಂದರೆ ಎಷ್ಟು ಜನರನ್ನು ಕರೆತರುವೆ ಎಂಬ ಮಾತನ್ನು. ಮನೆಯಲ್ಲಿ ಕೋವಿಯನ್ನಿಟ್ಟುಕೊಳ್ಳಲು ಚೀಟಿ ಬೇಕೆಂಬ ಕಲ್ಪನೆ ಅಂದಿನ ಜನರಿಗೆ ವಿಚಿತ್ರವಾಗಿ ಕಾಣುತ್ತಿದ್ದಿತು.

1857ರ ದಂಗೆಯು ಉತ್ತರದಲ್ಲಿ ಉರಿದೆದ್ದಾಗ ಕಂಪನಿ ಸರ್ಕಾರವು ಆ ವರ್ಷವೇ ಒಂದು ಶಾಸನವನ್ನು ಮಾಡಿ, ಆಯುಧಗಳನ್ನು ತರಿಸುವುದು, ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಇವೆಲ್ಲಕ್ಕೂ ಅಪ್ಪಣೆ ಬೇಕೆಂದು ವಿಧಿಸಿತು. ಕಾಗದದ ಮೇಲೆ ಇದು ಒಂದು ಆಡಳಿತದ ಏರ್ಪಾಡು. ಆದರೆ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯೆಂಬ ಹಳ್ಳಿಯಲ್ಲಿ ಅದು ಬೇರೆಯ ರೂಪವನ್ನೇ ತಾಳಿತು. ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಆಯುಧವೆಂದರೆ ಕಾವಲು, ಹಿರಿಯರಿಂದ ಬಂದ ಕತ್ತಿಯನ್ನೂ ಕೋವಿಯನ್ನೂ ಒಪ್ಪಿಸುವುದೆಂದರೆ ಕಸುಬನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸಿದಂತೆ. ಕೊಡುವುದಿಲ್ಲವೆಂದರು. ಸಂಸ್ಥಾನದವರ ಸಮಾಧಾನದ ಮಾತುಗಳು ಫಲಿಸಲಿಲ್ಲ. 1857ರ ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮ್ಮನ ಕುದುರೆಯ ಪಡೆಯು ಹಳ್ಳಿಯನ್ನು ಮುತ್ತಿತು. ಊರಿಗೆ ಬೆಂಕಿಯನ್ನಿಟ್ಟರು. ಅನೇಕರು ಮನೆಗಳ ಒಳಗೂ ಬೀದಿಗಳಲ್ಲಿಯೂ ಸತ್ತರು. ಸೆರೆಸಿಕ್ಕಿದವರಲ್ಲಿ ಹಲವರನ್ನು ಡಿಸೆಂಬರ್ ತಿಂಗಳಿನಲ್ಲಿ ಗಲ್ಲಿಗೇರಿಸಿದರು. ಜಡಗ, ಬಾಲ ಮೊದಲಾದ ಆ ಬೇಡ ನಾಯಕರ ಹೆಸರುಗಳು ನಮಗೆ ಉಳಿದು ಬಂದಿರುವುದು ಹೆಚ್ಚಾಗಿ ಲಾವಣಿಯಿಂದ. ಆ ಲಾವಣಿಯನ್ನು ಬರೆದುಕೊಂಡು ಅಚ್ಚಿನಲ್ಲಿ ಪ್ರಕಟಿಸಿದವರು ಶಾಸನತಜ್ಞರಾದ ಜೆ. ಎಫ್. ಫ್ಲೀಟರು. ಅವರೂ ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿಗಳೇ ಎಂಬುದನ್ನು ನೆನೆದಾಗ ಚರಿತ್ರೆಯು ಎಂತೆಂತಹ ಕೈಗಳಿಂದ ನಮಗೆ ಬಂದು ಮುಟ್ಟುತ್ತದೆಂದು ಆಶ್ಚರ್ಯವಾಗುತ್ತದೆ.

ಮರುವರ್ಷ, ಎಂದರೆ 1858ರಲ್ಲಿ, ನರಗುಂದದ ಬಾಬಾಸಾಹೇಬರು ಬಂಡೆದ್ದರು. ಅಲ್ಲಿ ಮುಖ್ಯವಾದ ಕಾರಣ ದತ್ತಕಕ್ಕೆ ಸರ್ಕಾರದವರು ಒಪ್ಪಿಗೆ ಕೊಡದಿದ್ದುದು. ಆದರೂ ದಕ್ಷಿಣ ಮರಾಠಾ ಸೀಮೆಯಲ್ಲಿ ಹಬ್ಬಿದ್ದ ಅಸಮಾಧಾನಕ್ಕೆ ಆಯುಧಗಳನ್ನು ಕಸಿದುಕೊಂಡ ಈ ಶಾಸನವೂ ಸೌದೆಯಾಯಿತೆಂಬುದರಲ್ಲಿ ಸಂದೇಹವಿಲ್ಲ.

ಹಲಗಲಿಯ ಸಂಗತಿಯಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಆ ಬೇಡರಿಗೆ ಆಯುಧ ಹಿಡಿಯಲು ಬಾರದೆಂದು ಯಾರೂ ಹೇಳಿರಲಿಲ್ಲ. ಬಹಳ ಚೆನ್ನಾಗಿ ಬರುತ್ತದೆಂಬುದೇ ಸರ್ಕಾರದವರ ಚಿಂತೆಯಾಗಿದ್ದಿತು. ನಿಪುಣತೆಯೇ ಅಪರಾಧಕ್ಕೆ ಸಾಕ್ಷಿಯಾದ ಕಾಲವದು.

ಈಗ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಸಂಗತಿಯನ್ನು ಹೇಳಬೇಕು. ಇದು ನಡೆದುದು ಕೊಡಗಿನಲ್ಲಿ. 1834ರಲ್ಲಿ ಕೊಡಗು ಕಂಪನಿಯ ಆಡಳಿತಕ್ಕೆ ಸೇರಿತಷ್ಟೆ. 1837ರಲ್ಲಿ ಕೊಡಗಿನ ಕೆಳಸೀಮೆಯಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ರೈತರ ಬಂಡಾಯವೆದ್ದಾಗ ಕೊಡವ ದಿವಾನರೂ ಅವರ ಕಡೆಯವರೂ ಸರ್ಕಾರದ ಪಕ್ಷವನ್ನು ಹಿಡಿದು, ಅದಕ್ಕಾಗಿ ಪದಕಗಳನ್ನು ಪಡೆದರು. 1857ರಲ್ಲಿಯೂ ಕೊಡಗು ಶಾಂತವಾಗಿದ್ದಿತು. ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರು, ಬೆಂಗಳೂರಿನ ಉದ್ಯಾನದ ಮೂಲಕ ನಮಗೆಲ್ಲ ಪರಿಚಿತರಾದವರು, ತಮ್ಮ ಅಧಿಕಾರದ ಕೊನೆಯ ದಿನಗಳಲ್ಲಿ, 1861ರ ಫೆಬ್ರವರಿ 26ರಂದು, ಒಂದು ಘೋಷಣೆಯನ್ನು ಹೊರಡಿಸಿ, ಈ ಜನರ ಶೌರ್ಯವನ್ನೂ ರಾಜನಿಷ್ಠೆಯನ್ನೂ ಕೊಂಡಾಡಿ, ನಿಶ್ಶಸ್ತ್ರೀಕರಣದ ಶಾಸನವು ಅವರಿಗೆ ಅನ್ವಯಿಸದೆಂದು ಸಾರಿದರು. ಕೊಡವ ಜನಾಂಗದವರಿಗೂ, ಸೈನ್ಯಸೇವೆಯ ಹೊಣೆಯೊಡನೆ ಅರ್ಧ ಕಂದಾಯಕ್ಕೆ ಜಮ್ಮಾ ಭೂಮಿಯನ್ನು ಅನುಭವಿಸುತ್ತಿದ್ದ ಹಿಡುವಳಿದಾರರಿಗೂ ಈ ವಿನಾಯಿತಿಯ ಫಲ ದೊರೆಯಿತು. ಹಲಗಲಿಯ ಬೂದಿ ಆರಿ ಇನ್ನೂ ನಾಲ್ಕು ವರ್ಷಗಳಾಗಿರಲಿಲ್ಲ.

ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಕಾಲದ ನೀತಿಯ ಒಳಗುಟ್ಟು ತಿಳಿಯುತ್ತದೆ. ಇಬ್ಬರೂ ಬೇಟೆಗಾರರು, ಇಬ್ಬರಿಗೂ ಆಯುಧವು ಕುಲಧನ, ಇಬ್ಬರ ಗುರಿಯೂ ತಪ್ಪದಂತಹುದು. ಒಬ್ಬರನ್ನು ಸರ್ಕಾರ ನಂಬಿತು, ಇನ್ನೊಬ್ಬರನ್ನು ನಂಬಲಿಲ್ಲ. ಕೋವಿಯ ಪರವಾನಗಿಯು ನಂಬಿಕೆಯ ಚೀಟಿಯಾಗಿ ಹುಟ್ಟಿತೇ ಹೊರತು ಯೋಗ್ಯತೆಯ ಚೀಟಿಯಾಗಿ ಹುಟ್ಟಲಿಲ್ಲ.

ಈ ಗುಣವು 1878ರಲ್ಲಿ, ಲಿಟ್ಟನ್ ಪ್ರಭುಗಳು ವೈಸರಾಯಿಗಳಾಗಿದ್ದಾಗ ಬಂದ ಆಯುಧಗಳ ಕಾಯಿದೆಯಲ್ಲಿ ಇನ್ನೂ ಸ್ಪಷ್ಟವಾಯಿತು. ರಹದಾರಿಯಿಲ್ಲದೆ ಆಯುಧವನ್ನು ಹಿಡಿದು ಓಡಾಡಕೂಡದು, ರಹದಾರಿಯಿಲ್ಲದೆ ಬಂದೂಕು ಪಿಸ್ತೂಲುಗಳನ್ನು ಇಟ್ಟುಕೊಳ್ಳಕೂಡದು, ಮೀರಿದವರಿಗೆ ಸೆರೆಮನೆ. ಆದರೆ ಐರೋಪ್ಯರಿಗೂ ಆಂಗ್ಲೋ ಇಂಡಿಯನ್ನರಿಗೂ ವಿನಾಯಿತಿ. ಆಗತಾನೆ ಹಡಗಿನಿಂದಿಳಿದು, ಪಿಸ್ತೂಲಿನ ಹಿಂದುಮುಂದನ್ನು ತಿಳಿಯದ ಎಳೆಯ ಗುಮಾಸ್ತನೊಬ್ಬನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬಹುದಾಗಿದ್ದಿತು. ಹುಲಿಯ ಹೆಜ್ಜೆಯನ್ನು ಮಣ್ಣಿನಲ್ಲಿ ಓದಬಲ್ಲ ಮಲೆನಾಡಿನ ರೈತನು ಕೇಪಿನ ಕೋವಿಗಾಗಿ ಕಚೇರಿಯ ಜಗುಲಿಯಲ್ಲಿ ಕಾದಿರಬೇಕಾಗಿದ್ದಿತು. ಅದೇ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಏನಿದ್ದಿತೆಂದು ಕೇಳಿದರೆ ಶ್ರೋತೃಗಳಿಗೆ ನಗು ಬರಬಹುದು. ಅಲ್ಲಿ 1870ರ ಶಾಸನದಂತೆ ಯಾರು ಬೇಕಾದರೂ ಟಪ್ಪಾಲು ಕಚೇರಿಗೆ ಹೋಗಿ ಹತ್ತು ಷಿಲಿಂಗುಗಳನ್ನು ಕೊಟ್ಟು ಬಂದೂಕಿನ ಲೈಸೆನ್ಸನ್ನು ಪಡೆಯಬಹುದಾಗಿದ್ದಿತು. ಮನೆಯ ಒಳಗೇ ಇಟ್ಟುಕೊಳ್ಳುವವನಿಗೆ ಅದೂ ಬೇಡ. ಪಿಸ್ತೂಲಿಗೇ ಪ್ರತ್ಯೇಕವಾಗಿ ಒಂದು ಶಾಸನ ಅಲ್ಲಿ ಬಂದುದು 1903ರಲ್ಲಿ. ಅದೂ ಬಹಳ ಸಡಿಲವಾದುದು. ಪೋಲೀಸು ಮುಖ್ಯಾಧಿಕಾರಿಯು ಅರ್ಜಿದಾರನ ನಡತೆಯನ್ನೂ ಕಾರಣವನ್ನೂ ವಿಚಾರಿಸಬೇಕೆಂಬ ಕಟ್ಟು ಬಂದುದು 1920ರಲ್ಲಿ. ಆಳುವವರ ಮನೆಯಲ್ಲಿ ಅದು ಒಂದು ತೆರಿಗೆ, ಆಳಿಸಿಕೊಳ್ಳುವವರ ಮನೆಯಲ್ಲಿ ಅದು ಒಂದು ಬೇಡಿ.

ಪ್ರಜೆಗಳ ಮಾತು ಹಾಗಿರಲಿ. 1881ರಲ್ಲಿ ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರವರಿಗೆ ಹಿಂದಿರುಗಿಸಿದಾಗ ಬರೆದ ಹಸ್ತಾಂತರ ಪತ್ರದಲ್ಲಿ, ಗವರ್ನರ್ ಜನರಲ್ಲರ ಮುಂಚಿತವಾದ ಅನುಮತಿಯಿಲ್ಲದೆ ಮಹಾರಾಜರು ಆಯುಧಗಳನ್ನಾಗಲಿ ಮದ್ದುಗುಂಡುಗಳನ್ನಾಗಲಿ ಹೊರಗಿನಿಂದ ತರಿಸಕೂಡದು, ಗವರ್ನರ್ ಜನರಲ್ಲರು ಕೇಳಿದಾಗ ರಾಜ್ಯದಲ್ಲಿ ಅವುಗಳ ತಯಾರಿಕೆಯನ್ನು ನಿಷೇಧಿಸಬೇಕು ಎಂಬ ಷರತ್ತಿದ್ದಿತು. ಎಡಬಲ ಜೋಡಿ ಪಿಸ್ತೂಲುಗಳನ್ನು ಮಾಡಿದ ನಾಡಿನಲ್ಲಿ ಇಂತಹ ಷರತ್ತಿಗೆ ಸಿಂಹಾಸನವೇ ಒಳಪಟ್ಟಿದ್ದಿತು.

ವಿದ್ಯಾವಂತರಾದ ಭಾರತೀಯರು ಈ ಅವಮಾನವನ್ನು ಸುಮ್ಮನೆ ಸಹಿಸಲಿಲ್ಲ. 1887ರಲ್ಲಿ ಬದ್ರುದ್ದೀನ್ ತ್ಯಾಬ್ಜಿಯವರ ಅಧ್ಯಕ್ಷತೆಯಲ್ಲಿ ಮದರಾಸಿನಲ್ಲಿ ಸೇರಿದ ಕಾಂಗ್ರೆಸ್ಸಿನ ಮೂರನೆಯ ಅಧಿವೇಶನವು ಈ ಕಾಯಿದೆಯನ್ನು ಸಡಿಲಿಸಬೇಕೆಂದು ನಿರ್ಣಯ ಮಾಡಿತು. ಮುಂದೆ ಅದೇ ಕೋರಿಕೆ ಮತ್ತೆ ಮತ್ತೆ ಕೇಳಿಬಂದಿತು. ಅಹಿಂಸಾವ್ರತಿಗಳಾದ ಗಾಂಧಿಯವರು ಸಹ 1918ರಲ್ಲಿ, ಬ್ರಿಟಿಷರ ದುಷ್ಕೃತ್ಯಗಳಲ್ಲಿ ಒಂದು ಇಡೀ ಜನಾಂಗವನ್ನು ನಿರಾಯುಧವಾಗಿ ಮಾಡಿದುದನ್ನು ಅತ್ಯಂತ ಕಠಿಣವಾದ ಮಾತಿನಿಂದ ಖಂಡಿಸಿದರು. 1920ರ ಸುಮಾರಿಗೆ ನಿಯಮಗಳನ್ನು ತಿದ್ದಿ, ಬಿಳಿಯ ಬಣ್ಣಕ್ಕೆ ಜನ್ಮಮಾತ್ರದಿಂದ ದೊರೆಯುತ್ತಿದ್ದ ವಿನಾಯಿತಿಯನ್ನು ತೆಗೆದರು. 1931ರಲ್ಲಿ ಕರಾಚಿಯ ಕಾಂಗ್ರೆಸ್ಸಿನಲ್ಲಿ ಅಂಗೀಕೃತವಾದ ಮೂಲಭೂತ ಹಕ್ಕುಗಳ ನಿರ್ಣಯಕ್ಕೆ ಆ ವರ್ಷವೇ ಕೊಟ್ಟ ಅಂತಿಮ ರೂಪದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಧರಿಸುವ ಹಕ್ಕೂ ಸೇರಿಕೊಂಡಿತು.

ಸ್ವಾತಂತ್ರ್ಯ ಬಂದ ಮೇಲೆ ಈ ಹಕ್ಕನ್ನು ಸಂವಿಧಾನದಲ್ಲಿ ಬರೆಯಬೇಕೆ ಬೇಡವೆ ಎಂಬ ವಾದವು 1948ರ ಡಿಸೆಂಬರ್ ತಿಂಗಳ ಮೊದಲಲ್ಲಿ ಸಂವಿಧಾನ ಸಭೆಯಲ್ಲಿ ನಡೆಯಿತು. ಬರೆಯಬೇಕೆಂದು ತಿದ್ದುಪಡಿಯನ್ನು ಸೂಚಿಸಿದವರು ಹರಿ ವಿಷ್ಣು ಕಾಮತರು. ಮಧ್ಯಪ್ರಾಂತದ ಪ್ರತಿನಿಧಿಗಳಾದರೂ ಮಂಗಳೂರಿನಲ್ಲಿ ಹುಟ್ಟಿದವರು. ಕರಾಚಿಯಲ್ಲಿ ಕೊಟ್ಟ ಮಾತನ್ನು ದೆಹಲಿಯಲ್ಲಿ ಮರೆಯಬಾರದೆಂಬುದು ಅವರ ವಾದದ ತಿರುಳು. ಡಾಕ್ಟರ್ ಅಂಬೇಡ್ಕರರು ಒಪ್ಪಲಿಲ್ಲ. ಪರಕೀಯರ ಆಳಿಕೆಯಲ್ಲಿ ಆ ಬೇಡಿಕೆಗೆ ಅರ್ಥವಿದ್ದಿತು. ಈಗ ಅದನ್ನು ಮೂಲಭೂತ ಹಕ್ಕಾಗಿ ಮಾಡಿದರೆ ಕಳ್ಳಕಾಕರೂ ಅದನ್ನೇ ಹೇಳಿಕೊಂಡು ಬರುವರು. ನಾವು ಒತ್ತಿ ಹೇಳಬೇಕಾದುದು ಆಯುಧ ಹಿಡಿಯುವ ಹಕ್ಕನ್ನಲ್ಲ, ದೇಶಕ್ಕೆ ಆಪತ್ತು ಬಂದಾಗ ಆಯುಧ ಹಿಡಿಯುವ ಕರ್ತವ್ಯವನ್ನು ಎಂಬ ಅಭಿಪ್ರಾಯವನ್ನು ಅವರು ಕೊಟ್ಟರು. ತಿದ್ದುಪಡಿ ಬಿದ್ದುಹೋಯಿತು. ನನಗೆ ತೋರುವಂತೆ, ಕಾಮತರ ಪಕ್ಷದಲ್ಲಿ ನ್ಯಾಯವಾದ ನೆನಪಿದ್ದಿತು, ಅಂಬೇಡ್ಕರರ ಪಕ್ಷದಲ್ಲಿ ವಿವೇಕವಿದ್ದಿತು. ಆದರೆ ಕರ್ತವ್ಯವೆಂದ ಮೇಲೆ ಶಿಕ್ಷಣವೂ ಬೇಕಷ್ಟೆ. ಅದನ್ನು ರಹದಾರಿಯೊಡನೆ ಜೋಡಿಸುವ ಯೋಚನೆ ಆಗ ಬೆಳೆಯಲಿಲ್ಲ.

ಏಕೆಂದರೆ ಶಿಕ್ಷಣವು ಬೇರೆ ದಾರಿಯಲ್ಲಿ ಹೋಯಿತು. 1948ರಲ್ಲಿಯೇ ಎನ್. ಸಿ. ಸಿ. ಸ್ಥಾಪಿತವಾಗಿ ಕಾಲೇಜಿನ ಹುಡುಗರು ರೈಫಲು ಹಿಡಿಯುವುದನ್ನು ಕಲಿತರು. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಏರ್ಪಟ್ಟು ಗುರಿಯಾಟದ ಕ್ರೀಡೆಗೆ ನೆಲೆ ಸಿಕ್ಕಿತು. ಗುರಿ ಕಲಿತವನಿಗೆ ಕೋವಿಯಿಲ್ಲ, ಕೋವಿಯುಳ್ಳವನಿಗೆ ಗುರಿಯ ಪಾಠವಿಲ್ಲ ಎಂಬ ಸ್ಥಿತಿ ಎಷ್ಟೋ ಕಡೆಗಳಲ್ಲಿ ಉಂಟಾಯಿತು.

1959ರಲ್ಲಿ ಪಾರ್ಲಿಮೆಂಟು ಹಳೆಯ ಕಾಯಿದೆಯನ್ನು ರದ್ದುಮಾಡಿ ಹೊಸ ಆಯುಧ ಕಾಯಿದೆಯನ್ನು ಮಾಡಿತು. ಅದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಹಳೆಯದು ದೇಶವನ್ನೇ ನಿರಾಯುಧ ಮಾಡಲು ಹುಟ್ಟಿದುದೆಂದು ಹೊಸದರ ಉದ್ದೇಶ ವಿವರಣೆಯಲ್ಲಿ ಒಪ್ಪಿಕೊಂಡರು. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಯಾರಿಗೂ ಲೈಸೆನ್ಸನ್ನು ನಿರಾಕರಿಸಕೂಡದೆಂಬ ವಿಧಿ ಇದರಲ್ಲಿದೆ. ಇದನ್ನು ಬರೆಯಬೇಕಾಗಿ ಬಂದುದೇ ಹಿಂದೆ ಹೇಗೆ ನಡೆಯುತ್ತಿದ್ದಿತೆಂಬುದಕ್ಕೆ ಸಾಕ್ಷಿ. ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೆರೆಯಿಲ್ಲದ ಕೋವಿಯನ್ನು ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಕೇಳುವವನಿಗೂ, ಬೆಳೆ ಕಾಯಲು ಕೇಪಿನ ಕೋವಿಯನ್ನು ಕೇಳುವವನಿಗೂ ಕಾಯಿದೆ ಸ್ವಲ್ಪ ಉದಾರವಾಗಿದೆ. ಪಿಸ್ತೂಲು ರಿವಾಲ್ವರುಗಳನ್ನು ಕೇಳುವವನು ಮಾತ್ರ ತನಗೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಇದು ನ್ಯಾಯವಾದ ಭೇದವೇ ಸರಿ. ಉದ್ದವಾದ ಕೋವಿ ಎದುರಿಗೆ ಬಂದರೆ ಎಲ್ಲರಿಗೂ ಕಾಣಿಸುತ್ತದೆ. ಪಿಸ್ತೂಲು ಅಂಗಿಯೊಳಗೆ ಅಡಗುತ್ತದೆ. 1983ರ ತಿದ್ದುಪಡಿಯಿಂದ ಲೈಸೆನ್ಸಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕೆಂದೂ, ಒಬ್ಬನಲ್ಲಿ ಮೂರಕ್ಕಿಂತ ಹೆಚ್ಚು ಬಂದೂಕುಗಳಿರಕೂಡದೆಂದೂ ಆಯಿತು. 2019ರಲ್ಲಿ ಆ ಮೂರನ್ನು ಎರಡಕ್ಕೆ ಇಳಿಸಿ, ಲೈಸೆನ್ಸಿನ ಅವಧಿಯನ್ನು ಮೂರು ವರ್ಷಗಳಿಂದ ಐದಕ್ಕೆ ಏರಿಸಿದರು. ಇಷ್ಟೆಲ್ಲವೂ ಮೊದಲೆರಡು ಪ್ರಶ್ನೆಗಳಿಗೆ ಸೇರಿದ ವಿಷಯವೇ.

ಮೂರನೆಯ ಪ್ರಶ್ನೆಗೆ ಸ್ಥಾನ ದೊರೆತುದು 2016ರ ಆಯುಧ ನಿಯಮಗಳಲ್ಲಿ. ಅವುಗಳ ಹತ್ತನೆಯ ನಿಯಮದಂತೆ ಅರ್ಜಿದಾರನು ಆಯುಧಗಳ ಸುರಕ್ಷತೆಯ ಶಿಕ್ಷಣವನ್ನು ಮುಗಿಸಿ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಭದ್ರವಾಗಿ ಇಡುವುದು, ಅಪಾಯವಿಲ್ಲದೆ ಹಿಡಿಯುವುದು, ಒಯ್ಯುವುದು, ಗುಂಡು ಹಾರಿಸುವ ವಿಧಾನ, ಆಯುಧದ ಪಾಲನೆ ಇವು ಪಾಠದ ವಿಷಯಗಳು. ದೇಹ ಮನಸ್ಸುಗಳ ಆರೋಗ್ಯಕ್ಕೆ ವೈದ್ಯರ ಪತ್ರವೂ ಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೋಲೀಸಿನವರು ಕವಾಯತು ಮೈದಾನಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿಯ ಶಿಬಿರಗಳನ್ನು ಶ್ರೋತೃಗಳಲ್ಲಿ ಕೆಲವರು ನೋಡಿಯೂ ಇರಬಹುದು. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒಯ್ಯುವವನು ಅದನ್ನು ತಕ್ಕ ಚರ್ಮದ ಒರೆಯಲ್ಲಿಯೋ ಅಂತಹುದೇ ಚೀಲದಲ್ಲಿಯೋ ಪೂರ್ತಿಯಾಗಿ ಮುಚ್ಚಿ, ತನ್ನ ಹತೋಟಿಯಲ್ಲಿಟ್ಟುಕೊಂಡಿರಬೇಕೆಂಬುದೂ ಈ ನಿಯಮಗಳಲ್ಲಿಯೇ ಬಂದಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ನೆರೆದವರ ಪ್ರಾಣಕ್ಕೆ ಎರವಾಗುವ ದುರಭ್ಯಾಸಕ್ಕೆ 2019ರ ತಿದ್ದುಪಡಿಯು ಎರಡು ವರ್ಷಗಳ ವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳ ವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಿದೆ. ಲೈಸೆನ್ಸು ಪಡೆದ ದೊಡ್ಡ ಮನುಷ್ಯರೇ ಇಂತಹ ಕೆಲಸ ಮಾಡಿದ ನಿದರ್ಶನಗಳಿರುವುದರಿಂದ, ನೀನು ಯಾರು ಎಂಬ ಪ್ರಶ್ನೆಗೆ ಬಂದ ಉತ್ತರ ಎಷ್ಟೇ ಘನವಾಗಿದ್ದರೂ ಗುಂಡಿಗೆ ಅದು ತಿಳಿಯುವುದಿಲ್ಲವೆಂಬುದು ಸ್ಪಷ್ಟ.

ಇನ್ನು ಕೊಡಗಿಗೆ ಹಿಂದಿರುಗೋಣ. ಕಬ್ಬನ್ನರ ಕಾಲದ ವಿನಾಯಿತಿಯು 1878ರ ಕಾಯಿದೆಯಲ್ಲಿಯೂ ಉಳಿಯಿತು, 1959ರದರಲ್ಲಿಯೂ ಉಳಿಯಿತು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದುದರಿಂದ ಅದಕ್ಕೆ ಭಂಗ ಬರಲಿಲ್ಲ. ಅಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವಿದೆ. ಬೆಟ್ಟಗಳ ನಡುವೆ ಒಂಟಿಯಾಗಿರುವ ಮನೆಗಳಲ್ಲಿ ಅದೇ ಸುದ್ದಿಯ ಸಾಧನವೂ ಆಗಿದ್ದಿತು. ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳನ್ನು ದೇವರ ಮುಂದಿಟ್ಟು, ತೋಕ್‌ಪೂವೆಂಬ ಕೆಂಪು ಹಳದಿ ಬಣ್ಣದ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಪೂಜೆಯಾದ ಮೇಲೆ ಊರವರು ಮಂದ್‌ಗಳಲ್ಲಿ ಸೇರಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಜ್ಜನು ಮೊಮ್ಮಗನ ಹೆಗಲ ಹಿಂದೆ ನಿಂತು, ನಳಿಗೆಯನ್ನು ಮನುಷ್ಯರ ಕಡೆಗೆ ತಿರುಗಿಸಬೇಡವೆಂದು ಗದರಿಸುವುದೇ ಅಲ್ಲಿಯ ಪಠ್ಯಕ್ರಮ.

ಈ ವಿನಾಯಿತಿಯು ಜನಾಂಗವನ್ನು ಆಧರಿಸಿದ ಭೇದವೆಂದು ಹೈಕೋರ್ಟಿನ ಮುಂದೆ ವಾದ ಬಂದಿತು. ಸಮಾನತೆಯನ್ನು ಸಾರುವ ಸಂವಿಧಾನದಡಿಯಲ್ಲಿ ಅಂತಹ ಪ್ರಶ್ನೆ ಏಳುವುದು ಸಹಜ, ಅದನ್ನು ತಳ್ಳಿಹಾಕತಕ್ಕುದಲ್ಲ. ಆದರೂ ಕೇಂದ್ರ ಸರ್ಕಾರವು 2019ರಲ್ಲಿ ವಿನಾಯಿತಿಯನ್ನು 2029ರ ಅಕ್ಟೋಬರ್ 31ರ ವರೆಗೆ ಮುಂದುವರಿಸಿದುದನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. 2016ರ ಶಿಕ್ಷಣದ ನಿಯಮವು ಲೈಸೆನ್ಸಿಗೆ ಅರ್ಜಿ ಹಾಕುವವನಿಗೆ ಸಂಬಂಧಿಸಿದುದು. ಅರ್ಜಿಯೇ ಬೇಡದವನಿಗೆ ಆ ಪ್ರಶ್ನೆಯನ್ನು ಕೇಳುವವರಾರು? ಕೂಡುಮನೆಯ ಅಜ್ಜನು ಇರುವವರೆಗೆ ಅದು ಕೊರತೆಯಾಗಿ ಕಾಣಲಿಕ್ಕಿಲ್ಲ. ಮಕ್ಕಳು ಬೆಂಗಳೂರಿನಲ್ಲಿ ಬೆಳೆದು ಹಬ್ಬಕ್ಕೆ ಮಾತ್ರ ಊರಿಗೆ ಬರುವ ಕಾಲದಲ್ಲಿ ಅದು ಯೋಚಿಸತಕ್ಕ ವಿಷಯವೇ ಆಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳುವುದು ಉಳಿದಿದೆ. ಸ್ವಾತಂತ್ರ್ಯಾನಂತರ ಈ ವಿನಾಯಿತಿಗೆ ಬರೆದ ಷರತ್ತಿನಂತೆ, ಕೊಡಗಿನ ಗಡಿಯನ್ನು ದಾಟಿ ಹೋಗುವವನು ತನ್ನೊಡನೆ ಒಂದು ರೈಫಲನ್ನೂ ಅದಕ್ಕೆ 100 ತೋಟಾಗಳನ್ನೂ, ಗೆರೆಯಿಲ್ಲದ ನಳಿಗೆಯ ಒಂದು ಕೋವಿಯನ್ನೂ ಅದಕ್ಕೆ 500 ತೋಟಾಗಳನ್ನೂ, ಅಥವಾ ಅಷ್ಟಕ್ಕೆ ಸಮನಾದ ಮದ್ದು ಸೀಸಗಳನ್ನೂ ಒಯ್ಯಬಹುದು. ಆ ಪಟ್ಟಿಯಲ್ಲಿ ಪಿಸ್ತೂಲಿನ ಹೆಸರಿಲ್ಲ.